ಬಿಟ್ಟುಹೋದ ‘ನ’

ಶಂಕರಪುರದ ಆ ರಸ್ತೆಯ ಮೂಲೆಯಲ್ಲಿ, ಲೈಟು ಕಂಬಕ್ಕೂ ಹಾಲಿನ ಬೂತಿಗೂ ನಡುವೆ, ಕಳೆದ ತಿಂಗಳು ಒಂದು ಫ್ಲೆಕ್ಸು ಕಟ್ಟಿದ್ದರು. ಮೇಲೆ ದೀಪ, ಕೆಳಗೆ ಎರಡು ಪಾರಿವಾಳ, ನಡುವೆ ನಮ್ಮ ಸೀನಿಯರ್ರ ಮುಖ. ಮುಖದ ಕೆಳಗೆ ‘ಬಡಾವಣೆಯ ಗಣ್ಯರು, ಹಿರಿಯ ವಕೀಲರು’ ಎಂದು ದಪ್ಪಕ್ಷರ. ಓದಿದ ಕೂಡಲೇ ನನಗೆ ನಗು ಬಂತು. ಶ್ರದ್ಧಾಂಜಲಿ ಫ್ಲೆಕ್ಸಿನ ಮುಂದೆ ನಿಂತು ನಗುವವನನ್ನು ಲೋಕ ಹೇಗೆ ನೋಡಬೇಕೋ, ಹಾಲು ತರಲು ಬಂದಿದ್ದ ಹೆಂಗಸೊಬ್ಬರು ಹಾಗೆಯೇ ನೋಡಿದರು. ಆ ನಗುವಿಗೆ ಕಾರಣ ಕೊಡುವುದು ನನ್ನ ಕರ್ತವ್ಯ. ಕಾರಣ ಕೊಡದ ತೀರ್ಮಾನ ನಿಲ್ಲುವುದಿಲ್ಲ ಎಂದು ನನಗೆ ಕಲಿಸಿದವರೇ ಆ ಫ್ಲೆಕ್ಸಿನೊಳಗಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎದುರು ಪಕ್ಷದವರ ಅಹವಾಲು ಕೇಳದೆ ಅವರ ಮೇಲೆ ಆದೇಶ ಹೊರಡಿಸಬಾರದು ಎಂಬುದು ಅವರ ಮೊದಲ ಪಾಠ. ಅಹವಾಲು ಹೇಳಲು ಅವರು ಈಗ ಇಲ್ಲ. ಹೆಸರು ಬಿಟ್ಟು ಬರೆದರೆ ಅಪರಾಧ ಸ್ವಲ್ಪ ಹಗುರವಾದೀತು ಎಂದು ನನ್ನ ಆಸೆ.

ಅವರ ಹತ್ತಿರ ನಾನು ಜೂನಿಯರ್ ಆಗಿ ಸೇರಿದಾಗ ನನ್ನ ಕೂದಲು ಕಪ್ಪಗಿತ್ತು. ಕೂದಲು ಬೆಳ್ಳಗಾಯಿತು, ಹುದ್ದೆ ಬದಲಾಗಲಿಲ್ಲ. ಮನೆಯ ಮುಂದಿನ ಕೋಣೆಯೇ ಆಫೀಸು. ಆಫೀಸಿಗೂ ಸಂಸಾರಕ್ಕೂ ನಡುವೆ ಒಂದು ಬಟ್ಟೆಯ ಪರದೆ. ಒಗ್ಗರಣೆಯ ವಾಸನೆ ಆ ಪರದೆಯನ್ನು ದಾಟಿ ಬಂದು ಎಷ್ಟೋ ಘನವಾದ ವಾದಗಳನ್ನು ಅರ್ಧಕ್ಕೆ ನಿಲ್ಲಿಸಿದೆ.

ಸರ್ಕಾರದ ಪ್ರಾಧಿಕಾರಗಳು, ಮಂಡಳಿಗಳು ಮಾಡಿದ ತೀರ್ಮಾನಗಳನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವುದು ಅವರ ಕಸುಬು. ಇದಕ್ಕೆ ಪುಸ್ತಕದ ಭಾಷೆಯಲ್ಲಿ ನ್ಯಾಯಾಂಗ ಪರಾಮರ್ಶೆ ಎನ್ನುತ್ತಾರೆ. ಸೀನಿಯರ್ರು ಅದನ್ನು ಕಕ್ಷಿದಾರರಿಗೆ ಹೀಗೆ ಬಿಡಿಸಿ ಹೇಳುತ್ತಿದ್ದರು:

“ನೋಡಿ, ಸಾರು ರುಚಿಯಾಗಿದ್ಯಾ ಇಲ್ವಾ ಅಂತ ಕೋರ್ಟು ಹೇಳಲ್ಲ. ಬೇಳೆ ತೊಳೆದ್ರಾ, ಬೇಯಿಸಿದ್ರಾ, ಉಪ್ಪು ಹಾಕೋಕೆ ಮುಂಚೆ ಮನೇಲಿ ಬಿ.ಪಿ. ಇರೋರನ್ನ ಒಂದು ಮಾತು ಕೇಳಿದ್ರಾ, ಅಷ್ಟೇ ನೋಡತ್ತೆ. ಕೇಳಿಲ್ಲ ಅಂದ್ರೆ ಚೆಲ್ಲಿ ಮತ್ತೆ ಮಾಡಿ ಅನ್ನತ್ತೆ.”

“ಎರಡನೇ ಸಲಾನೂ ಅದೇ ಸಾರು ಮಾಡಿಬಿಟ್ರೆ ಸಾರ್?”

“ಮಾಡಬಹುದು. ಆದ್ರೆ ಕೇಳಿ ಮಾಡಿರ್ತಾರಲ್ಲ.”

ಇಷ್ಟು ಕೇಳಿದ ಕಕ್ಷಿದಾರರಲ್ಲಿ ಅರ್ಧ ಜನ ಬೇರೆ ವಕೀಲರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಈ ವಿದ್ಯೆಯನ್ನು ಅವರು ಕೋರ್ಟಿನಲ್ಲೇ ಬಿಟ್ಟು ಬರುತ್ತಿದ್ದರೆ ಚಿಂತೆಯಿರಲಿಲ್ಲ. ಗಾಂಧಿಬಜಾರಿನ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ಸಪ್ಲೈಯರ್ ಬಂದು, “ಸಾರ್, ಸಾಗು ಇಲ್ಲ, ಪೂರಿಗೆ ಚಟ್ನಿ ಕೊಡ್ತೀನಿ” ಅಂದ.

“ಇಲ್ಲ ಅಂದ್ರೆ ಖಾಲಿಯಾಗಿದೆ ಅಂತಲೋ, ಕೊಡಬಾರದು ಅಂತ ತೀರ್ಮಾನವಾಗಿದೆ ಅಂತಲೋ?”

“ಏನೋ ಸಾರ್, ಓನರ್ ಹೇಳಿದ್ರು.”

“ಖಾಲಿ ಅನ್ನೋದು ವಾಸ್ತವಾಂಶ. ಪಾತ್ರೆ ತೋರಿಸಿದ್ರೆ ಒಪ್ಕೋತೀನಿ. ಕೊಡಬಾರದು ಅನ್ನೋದು ನೀತಿ. ನೀತಿ ಬದಲಾಯಿಸೋಕೆ ಮುಂಚೆ ದಿನಾ ಬರೋ ಗಿರಾಕಿಗಳನ್ನ ಕೇಳಬೇಕಿತ್ತೋ ಬೇಡವೋ?”

ಸಪ್ಲೈಯರ್ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅವನು ಒಳಗೆ ಹೋಗಿ ಎಲ್ಲಿಂದಲೋ ಒಂದು ಬಟ್ಟಲು ಸಾಗು ತಂದಿಟ್ಟ. ಸೀನಿಯರ್ರಿಗೆ ಸಂತೋಷವಾಗಲಿಲ್ಲ. “ನೋಡಿದ್ಯೇನಯ್ಯ, ಕೊಟ್ಟ. ಯಾಕೆ ಕೊಟ್ಟ ಅಂತ ಹೇಳಲಿಲ್ಲ” ಎಂದು ಗೊಣಗಿಕೊಂಡೇ ತಿಂದರು.

ಅವರ ಅಧಿಕಾರವ್ಯಾಪ್ತಿ ಪರದೆಯ ಈಚೆಗೆ ಮುಗಿಯುತ್ತಿತ್ತು. ಪರದೆಯ ಆಚೆ ಅಮ್ಮ ಇದ್ದರು, ಅಂದರೆ ಅವರ ಹೆಂಡತಿ. ಡಾಕ್ಟರ ಸಲಹೆಯ ಮೇರೆಗೆ ರಾತ್ರಿಯ ಮುದ್ದೆ ಅರ್ಧಕ್ಕಿಳಿದಾಗ ಸೀನಿಯರ್ರು ಕಾರಣ ಕೇಳಿದರು. “ನಾನು ಹೇಳಿದೀನಿ, ಅದೇ ಕಾರಣ” ಎಂದರು ಅಮ್ಮ. ದೇಶದ ಸಂವಿಧಾನ ಆ ಮನೆಯ ಅಡುಗೆಮನೆಗೆ ಅನ್ವಯಿಸುವುದಿಲ್ಲ ಎಂಬ ಕಾನೂನನ್ನು ಸೀನಿಯರ್ರು ಮೇಲ್ಮನವಿಯಿಲ್ಲದೆ ಒಪ್ಪಿಕೊಂಡಿದ್ದರು.

ಇಂಥವರ ಬಳಿಗೆ ಗೌರಮ್ಮ ಬಂದದ್ದು.

ಗೌರಮ್ಮ ಬಯಲುಸೀಮೆಯ ಒಂದು ಹಳ್ಳಿಯ ಪಂಚಾಯಿತಿ ಮೆಂಬರ್. ಗಟ್ಟಿ ದನಿ, ಎಲೆಯಡಿಕೆ ಬಾಯಿ. ಊರ ಪಕ್ಕದಲ್ಲಿ ಎಂದೋ ಮುಚ್ಚಿಹೋದ ಒಂದು ಗಣಿಯಿದೆ. ಅಣುವಿದ್ಯುತ್ ಸ್ಥಾವರಗಳಲ್ಲಿ ಉರಿದು ಮಿಕ್ಕ ತ್ಯಾಜ್ಯವನ್ನು ಆ ಗಣಿಯ ಆಳದಲ್ಲಿಡಲು ಒಂದು ಪ್ರಾಧಿಕಾರ ಒಪ್ಪಿಗೆ ಕೊಟ್ಟಿತ್ತು. ಆ ವಸ್ತುವಿನ ಕಾವು, ವಿಷ ಸಾವಿರಾರು ವರ್ಷ ಆರುವುದಿಲ್ಲವಂತೆ. ಅದಕ್ಕೆ ಊರಿನವರಿಗೆ ಕೊಟ್ಟಿದ್ದು ಒಂದು ತಿಂಗಳ ನೋಟೀಸು. ಆ ತಿಂಗಳಲ್ಲಿ ಒಂದೇ ಒಂದು ಆಕ್ಷೇಪಣೆಯೂ ಬರಲಿಲ್ಲ ಎಂದು ಬರೆದುಕೊಂಡು ಪ್ರಾಧಿಕಾರ ಕಡತ ಮುಚ್ಚಿತ್ತು. ಊರು ಕುಡಿಯುವುದು ಗಣಿಯ ತಗ್ಗಿನಲ್ಲಿರುವ ಬಾವಿಗಳ ನೀರು.

“ಯಾಕಮ್ಮ ಒಬ್ಬರೂ ಆಕ್ಷೇಪಣೆ ಹಾಕಲಿಲ್ಲ?” ಸೀನಿಯರ್ರು ಕೇಳಿದರು.

“ಆಕ್ಸೇಪ್ಣೆ ಯಾಕ್ ಸೋಮಿ? ಅವ್ರು ಬರೆದಿದ್ದು ನಮಗೆಲ್ಲ ಒಪ್ಗೆ ಇತ್ತಲ್ಲ.”

“ಒಪ್ಪಿಗೆ ಇತ್ತಾ!”

“ಊ ಮತ್ತೆ. ಅಚ್ಚುಕಟ್ಟಾಗಿ ಬರೆದಿದ್ರು. ಬರೆದಿದ್ದೊಂದು, ಮಾಡಿದ್ದೊಂದು.”

ಸೀನಿಯರ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೇಸು ಸೋತಾಗ ಮಾತ್ರ ಅವರು ಹಾಗೆ ಮಾಡುತ್ತಿದ್ದದ್ದು. ಇಲ್ಲಿ ಇನ್ನೂ ಕೇಸು ಹಾಕಿರಲಿಲ್ಲ. ಒಪ್ಪಿಗೆಯಿತ್ತು ಎಂದು ಕಕ್ಷಿದಾರಳೇ ಹೇಳಿದ ಮೇಲೆ ವಕೀಲ ಏನು ಮಾಡಬೇಕು? ಆ ತಾಯಿಗೆ ಪ್ರಶ್ನೆ ಅರ್ಥವಾಗಿಲ್ಲ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಕಾರಣ ದಾಖಲಿಸದೆ ಅವರು ಮಾಡಿದ ತೀರ್ಮಾನ, ನನಗೆ ತಿಳಿದಂತೆ, ಅದೊಂದೇ.

ಅರ್ಜಿಯನ್ನೇನೋ ಹಾಕಿದೆವು. ಆದರೆ ಬುಡ ಗಟ್ಟಿಯಿರಲಿಲ್ಲ. ಅಣುವಿನ ವಿಷಯ ಎಂದರೆ ಕೋರ್ಟುಗಳು ಕೈಕಟ್ಟಿ ನಿಲ್ಲುತ್ತವೆ. ತಜ್ಞರು ಹೇಳಿದ್ದಾರೆ, ನಾವ್ಯಾರು ಕೇಳೋಕೆ ಎನ್ನುತ್ತವೆ. ಅದರ ಮೇಲೆ ಊರಿನವರೂ ಸುಮ್ಮನಿದ್ದರು ಎಂದರೆ ಮುಗಿಯಿತು. ಸೀನಿಯರ್ರಿಗೆ ಆಗಲೇ ಎಂಬತ್ತರ ಹತ್ತಿರ. ಇದು ಕೊನೆಯ ಕೇಸು, ಆಮೇಲೆ ಬೋರ್ಡು ಇಳಿಸುತ್ತೇನೆ ಎಂದಿದ್ದರು. “ಸೋತು ಇಳಿಸೋದಕ್ಕೇನಿಲ್ಲ ಕಣಯ್ಯ. ಆದ್ರೆ ಆಯಮ್ಮ ನೀರು ಸೇದೋ ಬಾವಿ ಇದ್ಯಲ್ಲ, ಅದಕ್ಕೆ ಯಾವ ಬೋರ್ಡು ಹಾಕೋದು?” ಎಂದು ಒಮ್ಮೆ ಕೇಳಿದರು.

ಕೇಸು ಕೂಗುವ ಹಿಂದಿನ ಭಾನುವಾರ. ಅವರೆಕಾಯಿಯ ಕಾಲ. ಆ ಕಾಲದಲ್ಲಿ ಅವರ ಆಫೀಸಿಗೆ ಹೋದ ಜೂನಿಯರಿಗೆ ಮೊದಲು ಕೊಡುತ್ತಿದ್ದದ್ದು ಕಡತವಲ್ಲ, ನೆನೆಸಿದ ಅವರೆಕಾಳಿನ ಬೋಗುಣಿ. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳನ್ನಿಟ್ಟು ಹಿದುಕಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬೋಗುಣಿಯಲ್ಲಿ. ಸೀನಿಯರ್ರು ಹಿದುಕಿದರೆ ಬೇಳೆ ಎಲ್ಲಿಗಾದರೂ ಹಾರಬಹುದಿತ್ತು. ಅಂದು ಒಂದು ಬೇಳೆ ಹಾರಿ ಪ್ರಾಧಿಕಾರದ ನೋಟೀಸಿನ ಮೇಲೆ ಕೂತಿತು.

“ಕಾಗದಕ್ಕೆ ನೀರಾಯ್ತಲ್ರೀ” ಎಂದು ಅಮ್ಮ ಅದನ್ನೆತ್ತಿ ಸೆರಗಿನಲ್ಲಿ ಒರೆಸಿದರು. ಒರೆಸುತ್ತಾ ಓದಿದರು. “ಇದೇನಾ ನಿಮ್ಮ ಕೇಸು?”

“ಅದೇ.”

“ಅವರೇ ಒಪ್ಕೊಂಡಿದಾರಲ್ಲ. ಇನ್ನು ನೀವೇನು ವಾದ ಮಾಡೋದು?”

“ಏನು ಒಪ್ಕೊಂಡಿದಾರೆ?”

ಅಮ್ಮ ಕಾಗದವನ್ನು ಬೆಳಕಿಗೆ ಹಿಡಿದು, ಶಾಲೆಯ ಹುಡುಗಿಯಂತೆ ಅಕ್ಷರ ಅಕ್ಷರವಾಗಿ ಓದಿದರು: “‘ಸದರಿ ಶೇಖರಣೆಯಿಂದ ಗ್ರಾಮಸ್ಥರಿಗೆ ಉಂಟಾಗುವ ಅಪಾಯವು ಗಣ್ಯವಾಗಿರುತ್ತದೆ.’ ಗಣ್ಯ ಅಂದ್ರೆ ದೊಡ್ಡದು ಅಂತ ತಾನೇ? ಅಪಾಯ ದೊಡ್ಡದು ಅಂತ ಅವರೇ ಹೇಳ್ತಿದಾರೆ.”

“ನಗಣ್ಯ ಕಣೇ. ಸರಿಯಾಗಿ ಓದು.”

“ಇರೋದನ್ನ ಸರಿಯಾಗೇ ಓದ್ತಿದೀನಿ. ನ ಎಲ್ಲಿದೆ, ತೋರಿಸಿ.”

ಸೀನಿಯರ್ರು ತೋರಿಸಹೋದರು. ಬೆರಳು ಕಾಗದದ ಮೇಲೆ ಅತ್ತಿತ್ತ ಓಡಾಡಿ ನಿಂತಿತು. ‘ನ’ ಇರಲಿಲ್ಲ. ಇಂಗ್ಲಿಷ್ ಮೂಲದಲ್ಲಿ ಅಪಾಯ ಲೆಕ್ಕಕ್ಕಿಲ್ಲದಷ್ಟು ಸಣ್ಣದು ಎಂದಿತ್ತು. ಅದನ್ನು ಮೊದಲೇ ಓದಿದ್ದ ನಾವು, ಇಲ್ಲದ ‘ನ’ವನ್ನು ಕಣ್ಣಿನಿಂದಲೇ ಸೇರಿಸಿಕೊಂಡು, ತಿಂಗಳುಗಟ್ಟಲೆ ಗಂಭೀರವಾಗಿ ಓದುತ್ತಾ ಬಂದಿದ್ದೆವು. ಮೂಲ ಓದದ ಊರಿನವರು ಇದ್ದದ್ದನ್ನು ಇದ್ದ ಹಾಗೆ ಓದಿದ್ದರು.

ಸೀನಿಯರ್ರು ಅವರೆಕಾಳಿನ ಕೈಯಲ್ಲೇ ಫೋನೆತ್ತಿಕೊಂಡರು. ಸ್ಪೀಕರಿನಲ್ಲಿ ಗೌರಮ್ಮನ ದನಿ ಕೋಣೆ ತುಂಬಿತು.

“ಗೌರಮ್ಮ, ನೋಟೀಸು ಓದಿ ನಿಮಗೇನು ಅರ್ಥ ಆಯ್ತು ಅವತ್ತು?”

“ಏನಾಯ್ತದೆ ಸೋಮಿ, ಅಪಾಯ ಬೋ ದೊಡ್ಡದು ಅಂತ ಅವ್ರೇ ಬರ್ದವ್ರೆ. ಅಂಗಾದ್ಮೇಲೆ ಇಲ್ಲಿಗೆ ತರಾಕಿಲ್ಲ ಅಂತ ತಿಳ್ಕಂಡ್ವಿ. ಸರ್ಕಾರ್ದೋರು ನಿಜ ಏಳೋದೇ ಅಪ್ರೂಪ. ಏಳ್ದಾಗ್ಲೂ ತಕರಾರು ತೆಗುದ್ರೆ ಬೇಜಾರ್ ಮಾಡ್ಕಂಡಾರು ಅಂತ ಸುಮ್ಕಿದ್ವಿ.”

ಫೋನಿಟ್ಟು ಸೀನಿಯರ್ರು ನೋಟೀಸನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ಮೊದಲನೇ ದಿನಾನೇ ಹೇಳಿದ್ಲಲ್ಲಯ್ಯ ಆ ಮಹಾತಾಯಿ! ಒಪ್ಪಿಗೆ ಇತ್ತು ಅಂತ! ಅವಳ ಅಹವಾಲನ್ನ ನಾವೇ ಕೇಳಲಿಲ್ಲ!” ಅಮ್ಮ ಬೋಗುಣಿಯನ್ನು ಅವರ ಮುಂದಕ್ಕೆ ತಳ್ಳಿ, “ನಕ್ಕಿದ್ದು ಸಾಕು, ಕಾಳು ಹಾಗೇ ಇದೆ” ಎಂದರು. ಅಂದಿನ ಹಿದುಕಿದ ಬೇಳೆ ಸಾರಿಗೆ ಸೀನಿಯರ್ರಿಗೆ ಪೂರ್ತಿ ಮುದ್ದೆ ಮಂಜೂರಾಯಿತು. ಕಾರಣ ಕೊಡಲಿಲ್ಲ, ಅವರು ಕೇಳಲೂ ಇಲ್ಲ.

ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು. ಒಬ್ಬರಿಗೆ ಕನ್ನಡ ಬರುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ವಾದವೆಲ್ಲ ಇಂಗ್ಲಿಷಿನಲ್ಲಿ, ‘ನ’ ಮಾತ್ರ ಕನ್ನಡದಲ್ಲಿ. ಕನ್ನಡ ಬರುವವರು ನೋಟೀಸನ್ನು ಓದಿ, ಮತ್ತೊಮ್ಮೆ ಓದಿ, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಬಾಯಿಗೆ ಕರವಸ್ತ್ರ ಹಿಡಿದರು.

ಪ್ರಾಧಿಕಾರದ ಪರವಾಗಿ ದೆಹಲಿಯಿಂದ ವಿಮಾನದಲ್ಲಿ ಬಂದಿದ್ದ ವಕೀಲರು ಎದ್ದರು. “ಅಚ್ಚಿನ ತಪ್ಪು ಅಷ್ಟೇ. ಒಂದೇ ಒಂದು ಅಕ್ಷರ. ತೀರಾ ನಗಣ್ಯವಾದ ದೋಷ” ಎಂದರು.

ಸೀನಿಯರ್ರು ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದರು. “ನನ್ನ ಮಿತ್ರರ ಕಡೆಯವರು ಆ ಶಬ್ದವನ್ನು ಬಹಳ ಧಾರಾಳವಾಗಿ ಬಳಸುತ್ತಾರೆ. ಅದೇ ನಮ್ಮ ತಕರಾರು.”

ಅಷ್ಟಕ್ಕೇ ಕೂತಿದ್ದರೂ ಕೇಸು ಗೆಲ್ಲುತ್ತಿತ್ತು. ಅವರು ಕೂರಲಿಲ್ಲ. ನಗಣ್ಯ ಎಂದರೆ ಎಣಿಕೆಗೆ ಬಾರದ್ದು. ಎಣಿಕೆಗೆ ಬಾರದ್ದು ಎಂದು ಹೇಳುವುದಕ್ಕೂ ಒಂದು ಸಲ ಎಣಿಸಿ ನೋಡಬೇಕು ಎಂದರು. ಮಳೆ ಬಂದರೆ ಆ ಗಣಿಯೊಳಗೆ ನೀರು ತುಂಬುತ್ತದೆ. ಆ ನೀರು ಇಂಗಿ ಯಾವ ಕಡೆ ಹೋಗುತ್ತದೆ ಎಂದು ಇಡೀ ಕಡತದಲ್ಲಿ ಯಾರೂ ಎಣಿಸಿಲ್ಲ ಎಂದರು.

“ನಾವು ವಿಜ್ಞಾನಿಗಳಲ್ಲವಲ್ಲ” ಎಂದರು ನ್ಯಾಯಮೂರ್ತಿಗಳು.

“ನಾನೂ ಅಲ್ಲ. ನಮಗೆ ಗೊತ್ತಿಲ್ಲ ಅನ್ನುವುದು ನಮ್ಮ ಮೂವರಿಗೂ ಗೊತ್ತು. ಅವರಿಗೆ ಗೊತ್ತಿಲ್ಲ ಅನ್ನುವುದು ಅವರಿಗಿನ್ನೂ ಗೊತ್ತಾಗಿಲ್ಲ. ಅದನ್ನು ತಿಳಿಸಿಕೊಡಿ ಎಂದಷ್ಟೇ ಪ್ರಾರ್ಥನೆ.”

ಒಪ್ಪಿಗೆಯ ಆದೇಶ ರದ್ದಾಯಿತು. ಕನ್ನಡದಲ್ಲಿ ಸರಿಯಾದ ನೋಟೀಸು ಕೊಟ್ಟು, ಊರಿನವರ ಮಾತು ಕೇಳಿ, ನೀರಿನ ವಿಷಯವನ್ನೂ ನೋಡಿ, ಕಾರಣ ಬರೆದು, ಹೊಸದಾಗಿ ತೀರ್ಮಾನಿಸಬೇಕು ಎಂದು ಕೋರ್ಟು ಹೇಳಿತು. ತೀರ್ಪಿನ ತುಂಬ ‘ನ’ದ ಪುರಾಣ, ನೀರಿಗೆ ಅರ್ಧ ಪುಟ. ಪತ್ರಿಕೆಗಳೆಲ್ಲ ‘ನ’ವನ್ನು ಹಿಡಿದುಕೊಂಡು ಕುಣಿದವು. ಸೀನಿಯರ್ರು ಅರ್ಧ ಪುಟವನ್ನು ಹಿಡಿದುಕೊಂಡು ಕೂತರು. “‘ನ’ ಇದ್ಯಲ್ಲ, ಅದನ್ನ ನಾಳೆ ಅಚ್ಚು ಹಾಕಿಸ್ತಾರೆ. ನೀರನ್ನ ಅಚ್ಚು ಹಾಕಿಸೋಕಾಗಲ್ಲ” ಎಂದರು. ಬೋರ್ಡು ಇಳಿಸುವ ಮಾತು ಮುಂದಕ್ಕೆ ಹೋಯಿತು.

ಮರುವಿಚಾರಣೆ ಊರಿನ ಶಾಲೆಯ ಅಂಗಳದಲ್ಲಿ. ಸೀನಿಯರ್ರಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. “ಸಾರು ಚೆಲ್ಲಿಸಿದೋನು ನಾನು. ಮತ್ತೆ ಮಾಡೋವಾಗ ಬೇಳೆ ತೊಳೀತಾರಾ ಅಂತ ನೋಡಬೇಡವಾ?” ಎಂದು ಹಟ ಹಿಡಿದರು. ಕಾರಿನಲ್ಲಿ ಕರೆದುಕೊಂಡು ಹೋದೆ. ಶಾಮಿಯಾನ, ವೇದಿಕೆ, ಮೈಕು, ನೀರಿನ ಬಾಟಲಿಗಳು. ಮೈಕು ಹಿಡಿದಿದ್ದ ಶಾಲೆಯ ಮೇಷ್ಟ್ರು ಇವರನ್ನು ಗುರುತಿಸಿ, “ಬೆಂಗಳೂರಿನಿಂದ ಆಗಮಿಸಿರುವ ಗಣ್ಯರು ವೇದಿಕೆಗೆ ದಯಮಾಡಿಸಬೇಕು” ಎಂದು ಕೂಗಿದರು.

ಸೀನಿಯರ್ರು ಮುಂದಿನ ಸಾಲಿನಲ್ಲಿ ಗೌರಮ್ಮನ ಪಕ್ಕ ಕೂತುಬಿಟ್ಟಿದ್ದರು. ಕೈಯೆತ್ತಿ, “ಮೇಷ್ಟ್ರೇ, ಒಂದು ನ ಬಿಟ್ಟುಹೋಗಿದೆ. ನಾನು ನಗಣ್ಯ. ಇಲ್ಲೇ ಕೂರ್ತೀನಿ” ಎಂದರು. ಶಾಮಿಯಾನವೇ ನಕ್ಕಿತು. ವೇದಿಕೆಯ ಮೇಲಿದ್ದ ಪ್ರಾಧಿಕಾರದ ಅಧಿಕಾರಿಗೂ ನಗು ತಡೆಯಲಾಗಲಿಲ್ಲ.

ಆತ ಇನ್ನೂ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸಿ, ತ್ಯಾಜ್ಯವನ್ನು ಗಾಜಿನಲ್ಲಿ ಹೇಗೆ ಬೆರೆಸುತ್ತಾರೆ, ಉಕ್ಕಿನ ಡಬ್ಬದಲ್ಲಿ ಹೇಗೆ ಮುಚ್ಚುತ್ತಾರೆ ಎಂದೆಲ್ಲ ತಾಳ್ಮೆಯಿಂದ ವಿವರಿಸಿದರು. ಕೊನೆಗೆ, “ಆದ್ದರಿಂದ ಅಪಾಯ ನಗಣ್ಯ” ಎಂದು ‘ನ’ದ ಮೇಲೆ ಸಾಕಷ್ಟು ಒತ್ತು ಕೊಟ್ಟು ಹೇಳಿದರು.

ಗೌರಮ್ಮ ಎದ್ದು ನಿಂತರು. “ಡಬ್ಬ ಗಟ್ಟಿ ಐತೆ, ಸರಿ. ಗಣಿಯಾಗೆ ಮಳೆ ನೀರು ತುಂಬ್ತದಲ್ಲ, ಅದು ಎಲ್ಲಿಗೋಯ್ತದೆ ಸೋಮಿ?”

ಅಧಿಕಾರಿ ಕಾಗದ ತಿರುವಿದರು. ಪಕ್ಕದವರನ್ನು ಕೇಳಿದರು. ಆ ಪಕ್ಕದವರು ಅವರ ಪಕ್ಕದವರನ್ನು ಕೇಳಿದರು. ಆಮೇಲೆ ಮೈಕಿನ ಹತ್ತಿರ ಬಂದು, “ಅದನ್ನ ನಾವಿನ್ನೂ ನೋಡಿಲ್ಲಮ್ಮ” ಎಂದರು.

ಸೀನಿಯರ್ರು ನನ್ನ ತೊಡೆಗೆ ಗುದ್ದಿದರು. “ಕೇಳಿಸ್ತೇನಯ್ಯ? ನೋಡಿಲ್ಲ ಅಂದ! ಎಷ್ಟು ಚೆನ್ನಾಗಿ ಹೇಳಿದ!” ಕೋರ್ಟಿನಲ್ಲಿ ಗೆದ್ದ ದಿನವೂ ಅವರ ಮುಖದಲ್ಲಿ ಆ ಬೆಳಕು ನಾನು ಕಂಡಿರಲಿಲ್ಲ.

ಕೆಲವು ತಿಂಗಳ ನಂತರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗೌರಮ್ಮನ ಫೋನು ಬಂತು.

“ಸೋಮಿ! ನಮ್ಮೂರು ಬ್ಯಾಡ ಅಂತ ಆಡ್ರು ಬಂದೈತೆ! ಗೆದ್ವಿ ಸೋಮಿ!”

“ಬೇಡ ಅಂದ್ರಾ? ಭೇಷ್! ಯಾಕೆ ಬೇಡ ಅಂದ್ರಂತೆ?”

“ಯಾಕೋ ಏನೋ. ‘ಆಡಳಿತಾತ್ಮಕ ಕಾರಣಗಳಿಂದ’ ಅಂತ ಒಂದೇ ಸಾಲು ಐತೆ.”

“ಒಂದೇ ಸಾಲಾ? ನೀರಿನ ವಿಚಾರ?”

“ಇಲ್ಲ ಸೋಮಿ. ಓಗ್ಲಿ ಬುಡಿ.”

“ಬಿಡೋಕಾಗತ್ತಾ ಗೌರಮ್ಮ! ಇವತ್ತು ಕಾರಣ ಹೇಳದೆ ಬೇಡ ಅಂದೋರು ನಾಳೆ ಕಾರಣ ಹೇಳದೆ ಬೇಕು ಅಂತಾರೆ. ನಿಮ್ಮೂರಿಗಲ್ಲದಿದ್ರೆ ಪಕ್ಕದ ಊರಿಗೆ. ಇದನ್ನ ಪ್ರಶ್ನೆ ಮಾಡಬೇಕು. ನಾಳೇನೇ ಬಂದು ವಕಾಲತ್ತಿಗೆ ಸೈನ್ ಹಾಕಿ.”

ಗೌರಮ್ಮ ಬಹಳ ಮೃದುವಾಗಿ, ಜ್ವರ ಬಂದವರನ್ನು ಮಾತಾಡಿಸುವ ಹಾಗೆ, “ಸೋಮಿ, ಅಮ್ಮಾರಿಗೆ ಕೊಡಿ ಫೋನು” ಎಂದರು.

ಅಮ್ಮ ಫೋನು ತೆಗೆದುಕೊಂಡು, “ನಾನು ನೋಡ್ಕೋತೀನಿ ಗೌರಮ್ಮ, ನೀವು ಹಬ್ಬ ಮಾಡಿ” ಎಂದು ಹೇಳಿ ಇಟ್ಟರು. ಗಂಡನ ಕಡೆ ತಿರುಗಿ, “ತಿನ್ನಿ” ಎಂದರು. ತಾವೇ ಗೆದ್ದ ಆದೇಶವನ್ನು ತಾವೇ ರದ್ದು ಮಾಡಿಸಲು ಹೊರಟ ಏಕೈಕ ವಕೀಲರು ಹೀಗೆ ಕಕ್ಷಿದಾರರ ಅಭಾವದಿಂದ ನಿವೃತ್ತರಾದರು. ಬೋರ್ಡು ಇಳಿಯಿತು. ಪ್ರಾಧಿಕಾರಕ್ಕೆ ಪತ್ರ ಬರೆದು ಕಾರಣ ಕೇಳುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಉತ್ತರ ಬರಲಿಲ್ಲ. ಅದರಿಂದ ಅವರ ನಿದ್ದೆಯೇನೂ ಕೆಡಲಿಲ್ಲ. ಹೋದದ್ದೂ ಒಂದು ಮಧ್ಯಾಹ್ನದ ನಿದ್ದೆಯಲ್ಲೇ.

ವೈಕುಂಠ ಸಮಾರಾಧನೆಯ ದಿನ ಫ್ಲೆಕ್ಸು ಇನ್ನೂ ಅಲ್ಲೇ ಇತ್ತು. ಒಂದು ಟೆಂಪೋ ಬಂದು ಮೂಲೆಯಲ್ಲಿ ನಿಂತಿತು. ಡ್ರೈವರನ ಪಕ್ಕದ ಸೀಟಿನಿಂದ ಗೌರಮ್ಮ ಇಳಿದರು. ಅಮ್ಮನೂ ನಾನೂ ಬಾಗಿಲಿನಿಂದ ಎದುರುಗೊಳ್ಳಲು ಹೋದೆವು. ಗೌರಮ್ಮ ಫ್ಲೆಕ್ಸಿನ ಮುಂದೆ ನಿಂತು ಬೆರಳಿಟ್ಟು ಓದಿದರು. ಕಣ್ಣು ಒರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, “ಗಣ್ಯರು ಅಂತ ಬರ್ಸವ್ರೆ. ಸರಿಯಾಗ್ ನೋಡಿದ್ರಾ? ಮುಂದೊಂದು ನ ಬಿಟ್ಟೋಗಿಲ್ಲ ತಾನೆ?” ಎಂದರು.

ಅಮ್ಮ ಆ ಹದಿಮೂರು ದಿನಗಳಲ್ಲಿ ಮೊದಲ ಸಲ ನಕ್ಕರು. “ಅವರಿದ್ದಿದ್ರೆ ಬಿಡ್ತಿದ್ರಾ ಗೌರಮ್ಮ? ಯಾವ ಆಧಾರದ ಮೇಲೆ ಗಣ್ಯ ಅಂದ್ರಿ, ಎಣಿಸಿದೋರು ಯಾರು, ಕಾರಣ ಕೊಡಿ ಅಂತ ಇಲ್ಲೇ ಜಗಳಕ್ಕೆ ನಿಂತಿರೋರು.”

ಗೌರಮ್ಮ ಹಿಂದಕ್ಕೆ ಕೈ ತೋರಿಸಿದರು. ಟೆಂಪೋದ ಹಿಂಬಾಗಿಲು ತೆಗೆದು ಜನ ಇಳಿಯುತ್ತಿದ್ದರು. ಮುದುಕರು, ಹೆಂಗಸರು, ಸೊಂಟದ ಮೇಲೆ ಮಕ್ಕಳು. ಇಳಿಯುತ್ತಲೇ ಇದ್ದರು.

“ಕಾರ್ಣ ತಾನೇ? ತುಂಬ್ಕಂಡ್ ಬಂದಿವ್ನಿ ಕಣವ್ವ. ಎಣಿಸ್ಕಳಿ” ಎಂದರು.